ಇಬ್ಬರಿಗೆ ಒಂದೇ ಐಡಿ

ಗುಂಡ್ಲುಪೇಟೆ, ೨೦೦೭

ಲೋ ಮಾದೇಶ,

ಇದು ನಿನಗೆ ಮುಟ್ಟುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಈ ಸಿಟ್ಟನ್ನು ಇನ್ನೆಲ್ಲಿ ತೀರಿಸಿಕೊಳ್ಳಲಿ?

"ಆನ್‌ಲೈನ್ ಗೇಮ್ ಅಂದ್ರೆ ಇದು ಕಣ್ಲಾ. ಸಾವ್ರಾರು ಜನ ಒಂದೇ ಸಲ ಒಳಗಿರ್ತಾರೆ. ನಾವು ಎದ್ದೋದ್ರೂ ಆ ಊರು ನಿಲ್ಲಲ್ಲ" ಎಂದು ಹೇಳಿಕೊಟ್ಟವನು ನೀನೇ. ಆದರೂ ಎರಡು ವರ್ಷ ಇಬ್ಬರೂ ಒಂದೇ ಐಡಿಯಲ್ಲಿ, ಒಬ್ಬನೇ ವೀರನನ್ನು ಸರದಿಯ ಮೇಲೆ ಆಡಿಸಿದೆವು. ಬೆಳಿಗ್ಗೆ ನೀನು, ಸಂಜೆ ನಾನು.

"ಇನ್ನೊಂದು ಐಡಿ ಮಾಡನ, ಜೊತೇಲಿ ಓಗನ" ಎಂದು ನೀನು ಎಷ್ಟು ಸಲ ಕೇಳಿದೆ! ನಾನು ಬೇಡವೆಂದರೆ ಸುಮ್ಮನಾಗಿಬಿಡುವುದೇ? ಜಗಳವಾಡಬೇಕಿತ್ತು, ಕಪಾಳಕ್ಕೆ ಬಾರಿಸಬೇಕಿತ್ತು. ಅದು ಬಿಟ್ಟು ಬೈಕ್ ಹತ್ತಿ ಹೋಗಿ ಬೇಗೂರಿನ ತಿರುವಿನಲ್ಲಿ ಸತ್ತೆ.

ಇವತ್ತು ಸೈಬರ್ ಕೆಫೆಗೆ ಹೋಗಿ ಹೊಸ ಐಡಿ ಮಾಡಿದೆ. ಪಕ್ಕಪಕ್ಕದ ಎರಡು ಕಂಪ್ಯೂಟರ್ ಹಿಡಿದೆ. ನಿನ್ನ ಸೀಟಿನಲ್ಲಿ ನಮ್ಮ ಹಳೆಯ ವೀರ, ನನ್ನದರಲ್ಲಿ ಹೊಸಬ.

"ಆ ಸೀಟ್‌ಗೆ ಯಾರ್ಲಾ ಬರೋರು?" ಎಂದ ಸೈಬರಿನ ಪುಟ್ಟಬಸಪ್ಪ.

"ಬತ್ತಾನೆ, ಇರಣ್ಣ" ಎಂದೆ.

ಗೇಮಿನ ಸಂತೆಯಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ. ಸುತ್ತ ನೂರಾರು ಜನ ಓಡಾಡುತ್ತಿದ್ದರು. ಹತ್ತು ನಿಮಿಷ ಅಲುಗಾಡದೆ ನಿಂತಿದ್ದ ನಿನ್ನವನನ್ನು ಗೇಮು ತಾನೇ ಹೊರಗೆ ಹಾಕಿತು.

ಆ ದರಿದ್ರ ಸಂತೆ ಒಂದು ಗಳಿಗೆಯೂ ನಿಲ್ಲಲಿಲ್ಲ ಕಣ್ಲಾ, ನೀನು ಹೇಳಿದ್ದ ಹಾಗೇ.