ಐದನೆಯ ಸಾಲಿನ ಟಕ್ ಟಕ್ ಟಕ್

ಫೆಬ್ರವರಿ ೩೦, ೨೩೧೯
ಆಲಿಕೆಮನೆ, ಗದಗ

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ತಿದ್ದಿದ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನ್ಯಾಯ ಮಾಡಿದ್ದಾರೆ. ಮೂವತ್ತೊಂದು ವರ್ಷದ ಬಸುರಿಯನ್ನು ಅಜ್ಜಿ ಎಂದದ್ದಕ್ಕೆ ಕ್ಷಮೆಯಿರಲಿ. ನಿಮ್ಮ ಹೊಟ್ಟೆಯಲ್ಲಿರುವ ಕೂಸಿನಿಂದ ಎಣಿಸಿದರೆ ನಾನು ಹನ್ನೊಂದನೆಯ ತಲೆ, ಹೆಸರು ಇಳೆ. ನನ್ನ ಮಾತು ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕೆಟ್ಟುಹೋದ ಡಿಸ್ಕುಗಳಿಂದ.

ಈ ಪತ್ರ ನಿಮ್ಮ ಲ್ಯಾಪ್‌ಟಾಪಿನ ‘ಅಪ್ಪ’ ಎಂಬ ಫೋಲ್ಡರಿನಲ್ಲಿ, ನೀವು ಇಟ್ಟಿರದ ಹೆಸರಿನ ಫೈಲಾಗಿ ಕಾಣಿಸುತ್ತದೆ. ಹೆದರಬೇಡಿ. ಅದೇ ಡಿಸ್ಕು ಈಗ ನನ್ನ ಮೇಜಿನ ಮೇಲಿದೆ, ನೀವು ಸುತ್ತಿಟ್ಟ ಇಳಕಲ್ ಸೀರೆಯ ತುಂಡಿನ ಸಮೇತ. ಅದರ ತಟ್ಟೆಯ ಖಾಲಿ ಅಂಚಿನಲ್ಲಿ ಇಂದು ಸೂಜಿಯಿಂದ ಗೀರಿ ಬರೆದದ್ದು ಡಿಸ್ಕಿನ ಹಿಂದಿನ ದಿನಗಳಲ್ಲೂ ಮೂಡುತ್ತದೆ ಎನ್ನುತ್ತಾರೆ ಹಿರಿಯರು. ಹೇಗೆ ಎಂದು ಕೇಳಿದರೆ ಊಟಕ್ಕೆ ಹೊತ್ತಾಯಿತು ಎನ್ನುತ್ತಾರೆ.

ನಾನು ಆಲಿಕೆಗಾರ್ತಿ, ಎಂದರೆ ಸತ್ತ ಡಿಸ್ಕುಗಳಿಗೆ ಕಿವಿಗೊಡುವವಳು. ಪ್ರತಿ ಡಿಸ್ಕಿಗೂ ‘ಕೊನೆಸುತ್ತು’ ಎಂಬುದೊಂದಿದೆ. ಅದಾದ ಮೇಲೆ ಅದು ತಿರುಗುವುದಿಲ್ಲ. ಆ ಸುತ್ತಿಗಾಗಿ ಊರಿನಲ್ಲಿ ಮಧ್ಯಾಹ್ನ ‘ಮೌನಗಂಟೆ’ ಇದೆ. ಪಾತ್ರೆಗಳನ್ನು ಬಟ್ಟೆಯ ಮೇಲೆ ಬೋರಲು ಹಾಕುತ್ತಾರೆ, ಕೋಳಿಗಳಿಗೆ ಬುಟ್ಟಿ ಮುಚ್ಚುತ್ತಾರೆ, ಕೂಸುಗಳಿಗೆ ಮೊಲೆ ಕೊಡುತ್ತಾರೆ, ಮುದುಕರು ಕೆಮ್ಮನ್ನು ನುಂಗುತ್ತಾರೆ. ನಾಲ್ಕು ಸಾವಿರ ಜನ ಉಸಿರು ಹಿಡಿದಿರುವಾಗ ಎಂದೋ ಹೋದವರೊಬ್ಬರು ಮಾತಾಡುತ್ತಾರೆ. ಹೆಚ್ಚಿನ ಪಾಲು, ಮೈಕು ಸರಿ ಇದೆಯೇ ಎಂದು ಕೇಳುತ್ತಾರೆ.

ನಿಮ್ಮ ಡಿಸ್ಕಿನ ಕೊನೆಸುತ್ತಿನಲ್ಲಿ ನಿಮ್ಮ ತಂದೆ ಮಾತಾಡಿದರು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದ ಚನ್ನವೀರಪ್ಪನವರು, ಗಂಟಲಿನ ಆಪರೇಷನ್ನಿನ ಹಿಂದಿನ ದಿನ, ಹುಟ್ಟಲಿರುವ ಮೊಮ್ಮಗುವಿಗೆಂದು ಹನ್ನೊಂದು ಹಾಡು ಕಟ್ಟಿ ಹೇಳಿದರಲ್ಲ, ಅವು. ನಮಗೆ ದಕ್ಕಿದ್ದು ಒಂದೇ, ಅದೂ ಪೂರ್ತಿಯಲ್ಲ.

ಗದಗಿನ್ಯಾಗ ಗುಬ್ಬಿ ಬಸ್ಸ ಏರಿತ್ತ,
ಹುಲಕೋಟ್ಯಾಗ ಕಿಡಕ್ಯಾಗ ಕುಂತಿತ್ತ,
ಅಣ್ಣಿಗೇರ್ಯಾಗ ಟಿಕೀಟ ನುಂಗಿತ್ತ,
ಹುಬ್ಬಳ್ಳ್ಯಾಗ ಇಳದು ನನಗ ಹೇಳಿತ್ತ—

ಅಲ್ಲಿಗೆ ದನಿ ನಿಂತು, ಟಕ್ ಟಕ್ ಟಕ್ ಮಾತ್ರ ಉಳಿಯುತ್ತದೆ. ಹಾಡಿಗೆ ಮುಂಚೆ ಅವರೂ ನೀವೂ ಆಡಿದ ಮಾತೂ ಅದರಲ್ಲಿದೆ.

“ಯವ್ವಾ, ಏನದು ಟಕ್ ಟಕ್ ಅನ್ನಾಕತ್ತೈತಿ?”

“ಫ್ಯಾನ್ ಅಪ್ಪಾ. ನೀ ಹೇಳು.”

“ಫ್ಯಾನ್ ಬಂದ್ ಐತಲ್ಲಬೇ! ಹಲ್ಲಿ ಇರಬೇಕ. ನನ್ನ ಹಾಡ ನನ್ನ ಮೊಮ್ಮಗು ಕೇಳತೈತಿ ಅಂದ್ನಿ, ಅದಕ್ಕ ಹೂಂ ಅಂದೈತಿ. ಖರೇ, ಖರೇ, ಖರೇ!”

ಹಲ್ಲಿ ಲೊಚಗುಟ್ಟಿದರೆ ಬೆರಳ ಗೆಣ್ಣಿನಿಂದ ಮೂರು ಸಲ ಕುಟ್ಟುವುದು ನಿಮ್ಮ ಮನೆಯ ವಾಡಿಕೆ. ಅವರು ಕುಟ್ಟಿದ್ದು ಲ್ಯಾಪ್‌ಟಾಪ್ ಇದ್ದ ಮೇಜನ್ನೇ. ಅದು ಹಲ್ಲಿಯಲ್ಲ ಅಜ್ಜಿ. ಡಿಸ್ಕಿನೊಳಗಿನ ಓದುಮುಳ್ಳು ದಾರಿ ತಪ್ಪಿ, ಮತ್ತೆ ಮತ್ತೆ ಮೊದಲಿನ ಜಾಗಕ್ಕೆ ಮರಳಿ ತಡವರಿಸುವ ಸದ್ದು. ನಿಮ್ಮಲ್ಲಿ ಮೊನ್ನೆ ಒಂದು ಫೋಟೋ ತೆರೆಯಲು ಐದು ನಿಮಿಷ ಹಿಡಿಯಿತು, ನಿನ್ನೆ ಪರದೆ ನೀಲಿಯಾಗಿ ತಾನೇ ಆರಿ ತಾನೇ ಹೊತ್ತಿತು, ಎರಡು ಫೈಲುಗಳ ಹೆಸರು ಕಲಸಿಹೋದವು. ವೈರಸ್ ಇರಬೇಕು ಎಂದು ನೀವು ಬಿಟ್ಟಿರಿ.

ಆಪರೇಷನ್ ಮುಗಿದು ನಾಲ್ಕು ದಿನವಾಯಿತು. ಇನ್ನೊಮ್ಮೆ ರೆಕಾರ್ಡ್ ಮಾಡಿದರಾಯಿತು ಎನ್ನಲು ಅವರಿಗೀಗ ದನಿಯಿಲ್ಲ. ಹಾಡುಗಳನ್ನು ಸಿ ಡ್ರೈವಿನಿಂದ ಡಿ ಡ್ರೈವಿಗೂ ಹಾಕಿದ್ದೇನೆ, ಎರಡು ಕಡೆ ಇವೆ ಎಂದು ನೀವು ನಿಶ್ಚಿಂತೆಯಿಂದಿದ್ದೀರಿ. ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆಯೇ ಬಿದ್ದರೆ ಕೋಣೆಯೆಲ್ಲಿ?

ಆದ್ದರಿಂದ ಬೇಡಿಕೊಳ್ಳುತ್ತೇನೆ. ಪತ್ರ ಓದಿದ ಕೂಡಲೇ ಒಂದು ಪೆನ್‌ಡ್ರೈವ್ ಹಾಕಿ ಮೊದಲು ‘ಅಪ್ಪ’ ಫೋಲ್ಡರನ್ನು ಅದಕ್ಕೆ ನಕಲು ಮಾಡಿ. ಮದುವೆಯ ಫೋಟೋ ಆಮೇಲೆ. ನಿಮ್ಮ ಯಜಮಾನರು ಅದರಲ್ಲಿ ಹೇಗಿದ್ದರೂ ಚೆನ್ನಾಗಿ ಬಂದಿರಲಿಲ್ಲವಂತೆ. ರಿಪೇರಿ ಪ್ರೋಗ್ರಾಮು ಓಡಿಸಬೇಡಿ, ಆರಿಸಿ ಹೊತ್ತಿಸಿ ನೋಡಬೇಡಿ, ಮೇಜು ಕುಟ್ಟಬೇಡಿ. ನಕಲು ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಡಿಸ್ಕಿನ ಮುಚ್ಚಳ ಬಿಚ್ಚದೆ ಬಲ್ಲವರ ಕೈಗೆ ಕೊಡಿ. ನಕಲು ಆಯಿತೆಂದರೆ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ.

ಇಲ್ಲಿನ ಮಕ್ಕಳಿಗೆ ಆ ಹಾಡು ಬಾಯಿಪಾಠ. ನಾಲ್ಕು ಸಾಲು ಹೇಳಿ, ಐದನೆಯದಕ್ಕೆ ನಾಲಿಗೆಯಿಂದ ಟಕ್ ಟಕ್ ಟಕ್ ಎನ್ನುತ್ತಾರೆ. ಗುಬ್ಬಿ ಹೇಳಿದ್ದು ಅದೇ ಎಂದು ನಂಬಿದ್ದಾರೆ. ಸತ್ತ ಯಂತ್ರದ ಸದ್ದನ್ನು ಎಳೆಯ ಬಾಯಿಗಳಲ್ಲಿ ಕೇಳಿದಾಗಲೆಲ್ಲ ನಾನು ಕಿಟಕಿ ಮುಚ್ಚಿಬಿಡುತ್ತೇನೆ.

ಅಂಚು ಮುಗಿಯುತ್ತ ಬಂತು. ಇನ್ನು ಬರೆದರೆ ನಿಮ್ಮ ತಂದೆಯ ದನಿಯ ಮೇಲೆಯೇ ಬೀಳುತ್ತದೆ. ಬರುತ್ತೇನೆ ಅಜ್ಜಿ. ಮೌನಗಂಟೆಗೆ ಮುಂಚೆ ಹೊರಗೆ ಮಕ್ಕಳು ಹಾಡುತ್ತಿದ್ದಾರೆ. ಗುಬ್ಬಿ ಅಣ್ಣಿಗೇರಿ ದಾಟಿತು. ಹುಬ್ಬಳ್ಳಿಯಲ್ಲಿ ಇಳಿಯಿತು. ಐದನೆಯ ಸಾಲಿಗೆ ನಾನು ಕಿವಿಗೊಟ್ಟಿದ್ದೇನೆ.