ಇದರಲ್ಲಿ ವಕೀಲ ಯಾವುದು?

ಜೂನ್ 11, 2024. ವಡೋದರಾ

ವರ್ಷಿಣಿಯ ಜಡೆ, ಟಿಫಿನ್, ಬ್ಯಾಂಕು. ಸಂಜೆ ಬಂದರೆ ಕೋರ್ಟ್ ನೋಟಿಸ್. ಮಗಳು ತನಗೆ ಬೇಕಂತೆ ಅನಿರುದ್ಧನಿಗೆ. ನಮ್ಮನ್ನು ಬಿಟ್ಟು ಸೂರತ್‌ಗೆ ಹೋದವನಿಗೆ ಎರಡು ವರ್ಷದ ಮೇಲೆ ಮಗಳ ನೆನಪಾಯಿತು!

ಅರ್ಪಿತಾಗೆ ಫೋನ್ ಮಾಡಿದೆ — ನಮ್ಮ ಬ್ಯಾಂಕಿನ ಅಹಮದಾಬಾದ್ ಆಫೀಸಿನ ಲಾ ಆಫೀಸರ್. ಒಬ್ಬ ಗುಜರಾತಿ ವಕೀಲೆಯ ನಂಬರ್ ಕೊಟ್ಟಳು. ನಾನು ಆಕೆಗೆ ಫೋನ್ ಮಾಡಲಿಲ್ಲ. ಗಂಡ ಹೆಂಡಿರ ಜಗಳ ಹಿಂದಿಯಲ್ಲಿ ಹೇಳುವುದು ಹೇಗೆ? ಹಿಂದಿಯಲ್ಲಿ ನನಗೆ ಅಳಲು ಬರುವುದಿಲ್ಲ.

ಜೂನ್ 15

ಕನ್ನಡ ಸಂಘದ ಜಯಾ ನಮ್ಮಿಬ್ಬರನ್ನೂ ಭೀಮಸೇನ ಅವರ ಮನೆಗೆ ಕರೆದೊಯ್ದರು. ಧಾರವಾಡದವರು. ಬಾಗಿಲಲ್ಲಿ ಹಿತ್ತಾಳೆ ಬೋರ್ಡ್ — ಬಿ.ಕಾಂ., ಬಿ.ಜಿ.ಎಲ್., ಗೌರವ ಎಲ್‌ಎಲ್.ಡಿ., ಲೀಗಲ್ ಕನ್ಸಲ್ಟೆಂಟ್. ಅಷ್ಟು ಅಕ್ಷರ ನೋಡಿಯೇ ಅರ್ಧ ಧೈರ್ಯ ಬಂತು.

"ಅಂಕಲ್, ಟೂ ಎಲ್ ಕ್ಯೂಂ?" ವರ್ಷಿಣಿ.

"ಎರಡು ಎಲ್ ಅಂದ್ರ ಬಹುವಚನ, ಪುಟ್ಟಿ. ಕಾಯ್ದೆ ಒಂದಲ್ಲ, ಭಾಳ ಅವ."

"ಮತ್ತೆ ಇದರಲ್ಲಿ ವಕೀಲ ಯಾವುದು?"

ನಕ್ಕರು. ಪೇಢೆ ಕೊಟ್ಟರು. ಅಧಿಕಪ್ರಸಂಗಿ ಎಂದು ನಾನೇ ಗದರಿದೆ.

"ನೀವು ಕೋರ್ಟಿಗೆ ಬರೋದು ಬ್ಯಾಡ್ರಿ, ನಳಿನಿಯವರ. ನಾ ಎಲ್ಲಾ ನೋಡ್ಕೋತೀನಿ."

ಅವರೆದುರು ಮನಸಾರೆ ಅತ್ತೆ. ಎಷ್ಟು ದಿನವಾಗಿತ್ತು...

ಜುಲೈ 20

ನಿನ್ನೆ ಕೋರ್ಟಿನ ತಾರೀಖು. ರಜೆ ಹಾಕಿ ಮನೆಯಲ್ಲೇ ಭೀಮಸೇನ ಅವರ ಫೋನಿಗೆ ಕಾದೆ. "ಕೇಸ್ ಮುಂದ ಹೋಗ್ಯದ" ಎಂದರು. ಇವತ್ತು ಚಟ್ನಿಪುಡಿ ಕೊಡಲು ಹೋದಾಗ ನೋಡಿದೆ — ಕೋರ್ಟಿಗೆ ಕೊಡಲೆಂದು ನಾನು ಸಹಿ ಹಾಕಿದ ಉತ್ತರದ ಕಾಗದ ಅವರ ಮೇಜಿನ ಮೇಲೆಯೇ ಇದೆ. ಕಾಪಿ ಅಂದರು. ಇರಬಹುದು.

ಆಗಸ್ಟ್ 24

ಮಗಳಿಗೆ ಅನಿರುದ್ಧನ ಫೋನ್. ಸೂರತ್‌ನಲ್ಲಿ ಅವಳ ರೂಮಿಗೆ ಗುಲಾಬಿ ಬಣ್ಣ ಹೊಡೆಸಿದ್ದಾನಂತೆ. ಸ್ಕೂಲೂ ನೋಡಿದ್ದಾನಂತೆ. ಅಷ್ಟು ಖಾತ್ರಿ ಹೇಗೆ ಅವನಿಗೆ?

"ಅಂಜಸೋ ಆಟ ಅದು" ಅಂದರು ಭೀಮಸೇನ. ನನಗಂತೂ ನಿದ್ದೆ ಬರುತ್ತಿಲ್ಲ.

ಅಕ್ಟೋಬರ್ 1

ಅರ್ಪಿತಾ ನಮ್ಮ ಶಾಖೆಗೆ ಬಂದಿದ್ದಳು. ವಕೀಲರು ಯಾರು ಅಂದಳು. ಮೊಬೈಲಿನಲ್ಲಿ ಬೋರ್ಡಿನ ಫೋಟೋ ತೋರಿಸಿದೆ — ಹೆಮ್ಮೆಯಿಂದಲೇ. ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಬಿ.ಜಿ.ಎಲ್. ಅಂದರೆ ಕಾನೂನಿನ ಸಾಮಾನ್ಯ ಓದು, ಅಷ್ಟೇ. ಬ್ಯಾಂಕಿನವರು ಎಷ್ಟೋ ಜನ ಅಂಚೆಯಲ್ಲಿ ಮಾಡಿಕೊಂಡಿದ್ದಾರೆ. ಗೌರವ ಎಲ್‌ಎಲ್.ಡಿ. ಶಾಲು ಹೊದಿಸಿ ಕೊಡುವಂಥದ್ದು. ವಾದಿಸಲು ಎಲ್‌ಎಲ್.ಬಿ. ಬೇಕು, ಬಾರ್ ಕೌನ್ಸಿಲ್ ನಂಬರ್ ಬೇಕು. ಬೋರ್ಡಿನಲ್ಲಿ ಎರಡೂ ಇಲ್ಲ.

ಒಂದು ಸಲವೂ ಕೋರ್ಟಿಗೆ ಹೋಗಲಿಲ್ಲವಾ ಅಂದಳು. ನಾವು ಹೋಗದಿದ್ದರೆ ಎದುರಿನವರ ಮಾತನ್ನಷ್ಟೇ ಕೇಳಿ ತೀರ್ಪು ಕೊಡಬಹುದಂತೆ.

ಬೋರ್ಡಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕನ್ನಡ ಕೇಳಿ ಮರುಳಾದೆ, ಓದಲೇ ಇಲ್ಲ. ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗಾಯಿತು.

ನಾಳೆ ಗಾಂಧಿ ಜಯಂತಿ. ಕೋರ್ಟಿಗೆ ರಜೆ.

ಅಕ್ಟೋಬರ್ 2

ನಾನು ಹೋದಾಗ ಭೀಮಸೇನ ಊಟ ಮಾಡುತ್ತಿದ್ದರು.

"ವಕೀಲ ಅಂತ ನಾ ಯಾವಾಗ ಹೇಳೀನ್ರೀ? ನೀವ ಅನ್ಕೊಂಡ್ರಿ. ಕಾಗದ ಬರೆದಿಟ್ಟಿದ್ದೆ. ಸಲ್ಲಿಸಲಿಕ್ಕೆ ಗುರ್ತಿನ ವಕೀಲರು ಯಾರೂ ಒಪ್ಪಲಿಲ್ಲ."

"ಕೋರ್ಟಲ್ಲಿ ಏನಾಯ್ತು, ಅದನ್ನ ಹೇಳಿ."

ಅನ್ನ ಕಲೆಸುತ್ತಲೇ ಇದ್ದರು.

"ಪುಟ್ಟಿನ್ನ ಅಪ್ಪಗ ಒಪ್ಪಿಸ್ಬೇಕಂತ ಆರ್ಡರ್ ಆಗ್ಯದ್ರಿ. ಹೋದ ವಾರ."

ಕೊಲ್ಲಬೇಕು ಅನ್ನಿಸಿತು. ಅವರನ್ನೋ, ನನ್ನನ್ನೋ.

ಅಕ್ಟೋಬರ್ 3, ಬೆಳಿಗ್ಗೆ 8

ರಾತ್ರಿ, ಅರ್ಪಿತಾ ನಂಬರ್ ಕೊಟ್ಟಿದ್ದ ಆ ಗುಜರಾತಿ ವಕೀಲೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಿಂದಿಯಲ್ಲೇ. ಹಿಂದಿಯಲ್ಲೇ ಅತ್ತೆ. ಹತ್ತೂವರೆಗೆ ಕೋರ್ಟಿಗೆ ಬನ್ನಿ, ಆರ್ಡರ್‌ಗೆ ತಡೆ ಕೇಳೋಣ ಅಂದರು. ಅಲ್ಲಿಯವರೆಗೆ ಹೊತ್ತು ಹೋಗಲೆಂದು ಇದನ್ನು ಬರೆಯುತ್ತ ಕೂತಿದ್ದೇನೆ.

ಇಂದಿನಿಂದ ನವರಾತ್ರಿ. ಗರ್ಬಾ ಕುಣಿತ ಇರುವುದು ರಾತ್ರಿಗೆ; ವರ್ಷಿಣಿ ಈಗಲೇ ಅದರ ಲಂಗ-ಕುಪ್ಪಸ, ಚಣಿಯಾ ಚೋಳಿ, ಹಾಕಿಕೊಂಡು ಬಾಲ್ಕನಿಯಲ್ಲಿ ಸುತ್ತುತ್ತಿದ್ದಾಳೆ.

ಕೆಳಗೆ ಕಾರು ನಿಂತಿತು. ಸೂರತ್ ನಂಬರ್. ಅನಿರುದ್ಧ. ಕಾಗದ ಹಿಡಿದ ಕೋರ್ಟಿನ ಅಮೀನ. ಒಬ್ಬ ಲೇಡಿ ಪೊಲೀಸ್. ಈಗಿನ್ನೂ ಎಂಟು ಗಂಟೆ, ಕೋರ್ಟು ಹತ್ತೂವರೆಗೆ...

"ಪಪ್ಪಾ ಆ ಗಯೇ!" — ಕುಣಿಯುತ್ತ ಬಾಗಿಲಿಗೆ ಓಡಿದಳು. ಬೇಡ ಪುಟ್ಟಾ, ಚಿಲಕ ತೆಗೀಬೇಡ, ಚಿಲಕ —