ಆ ನೀಲಿ ಪುಸ್ತಕ ಕೊಟ್ಟವಳು ನಾನು

ನಮ್ಮ ಶಾಲೆಯ ತಪಾಸಣೆಗೆ ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ, ಮೂರನೆಯ ತರಗತಿಯ ಡುಲ್ಸಿನ್ ಟೀಚರನ್ನು ತಾವು ಪಾಠದಿಂದ ತೆಗೆದು ತಮ್ಮ ಕಚೇರಿಯ ಕಂಪ್ಯೂಟರಿನ ಮುಂದೆ ಕೂರಿಸಿದ್ದೀರಿ. ಅದಕ್ಕೆ ಆಧಾರ ಅವರೇ ಬರೆದ ಒಂದು ನೀಲಿ ರಟ್ಟಿನ ಪುಸ್ತಕ. ಆ ಪುಸ್ತಕವನ್ನು ತಮ್ಮ ಕೈಗೆ ಕೊಟ್ಟವಳು ನಾನು. ಹತ್ತು ದಿನಗಳಿಂದ ನನಗೆ ಅನ್ನ ಸೇರುತ್ತಿಲ್ಲ.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ಅಂದು ಚಹಾ ತಂದಿಟ್ಟವಳು, ಬಿಸಿಯೂಟದ ಅಡುಗೆ ಸಹಾಯಕಿ. ಇದೇ ಶಾಲೆಯಲ್ಲಿ ಏಳನೆಯವರೆಗೆ ಓದಿ ನಿಲ್ಲಿಸಿದೆ. ಮೂವರು ಕುಳಿತಲ್ಲಿ ನನಗೆ ಮಾತು ಹೊರಡುವುದಿಲ್ಲ. ಆ ದಿನ ಹೊರಟಿತು. ಅದೇ ಅನಾಹುತವಾಯಿತು.

ಡುಲ್ಸಿನ್ ಟೀಚರು ದಿನಾ ಸಂಜೆ, ಮಕ್ಕಳು ಹೋದ ಮೇಲೆ, ಹತ್ತು ನಿಮಿಷ ಕುಳಿತು ಅಂದಿನ ಪಾಠದಲ್ಲಿ ತಾನು ಎಲ್ಲಿ ಎಡವಿದೆ ಎಂದು ಬರೆಯುತ್ತಿದ್ದರು. "ಇಡೀ ವಾರ ಕಿಟಕಿ ಬದಿಯ ನಾಲ್ವರ ಹೆಸರು ಕರೆಯಲೇ ಇಲ್ಲ. ಕೈ ಎತ್ತಿದವರನ್ನು ಮಾತ್ರ ಕೇಳುತ್ತಿದ್ದೇನೆ" ಎಂದು ಒಂದು ಪುಟದಲ್ಲಿದೆ. ಅದನ್ನು ಬರೆದ ಮರುದಿನ ಅಡುಗೆಕೋಣೆಗೆ ಬಂದು ನನ್ನಿಂದ ಖಾಲಿ ಡಬ್ಬ ಕೇಳಿ ಪಡೆದರು. ಎಲ್ಲ ಮಕ್ಕಳ ಹೆಸರಿನ ಚೀಟಿ ಹಾಕಿ, ಕುಲುಕಿ, ಯಾರ ಹೆಸರು ಬಂತೋ ಅವರನ್ನು ಕೇಳತೊಡಗಿದರು. ಊಟದ ಸಾಲಿನಲ್ಲಿ ಮಕ್ಕಳು ಏನು ಮಾತಾಡುತ್ತಾರೆ ಎಂದು ನನ್ನನ್ನು ವಿಚಾರಿಸುತ್ತಿದ್ದರು. ತರಗತಿಯಲ್ಲಿ ಕನ್ನಡಕ್ಕೆ ಹೆದರಿ ಕಲ್ಲಿನ ಹಾಗೆ ಕೂರುವ ಮಗು ನನ್ನ ಹತ್ತಿರ ತುಳುವಿನಲ್ಲಿ ಲೆಕ್ಕ ಒಪ್ಪಿಸಿದ್ದನ್ನು ಹೇಳಿದರೆ ಅದನ್ನೂ ಬರೆದುಕೊಳ್ಳುತ್ತಿದ್ದರು. ಕೆಲವು ಪುಟ ನನಗೂ ಓದಲು ಕೊಟ್ಟಿದ್ದರು. ಸ್ವಂತ ತಪ್ಪನ್ನು ಯಾಕೆ ಬರೆದಿಡುವುದು, ಯಾರಾದರೂ ನೋಡಿದರೆ ಎಂದು ಒಮ್ಮೆ ಕೇಳಿದ್ದೆ.

"ಬರೆಯದಿದ್ರೆ ನಾಳೆ ಪುನಃ ಅದನ್ನೇ ಮಾಡ್ತೇನೆ ಮಾರಾಯ್ತಿ" ಎಂದಿದ್ದರು.

ಕೊನೆಯ ಪುಟ ನಿರೀಕ್ಷಾ ಎಂಬ ಮಗುವಿನದು. ಕಳೆಯುವ ಲೆಕ್ಕ ನಡೆಯುತ್ತಿತ್ತು. ಟೀಚರು ಹಲಗೆಯಲ್ಲಿ ಕಡ್ಡಿಗಳ ಕಟ್ಟಿನ ಚಿತ್ರ ಬರೆದು, ಒಂದು ಕಟ್ಟು ಬಿಚ್ಚಿದರೆ ಎಷ್ಟು ಕಡ್ಡಿ ಎಂದು ಕೇಳಿದರು. ಡಬ್ಬದಿಂದ ಅವಳ ಹೆಸರು ಬಂತು. ಹತ್ತು ಎನ್ನುವ ಬದಲು ಅವಳು ಇಪ್ಪತ್ತೈದು ಎಂದಳು. ತರಗತಿ ನಕ್ಕಿತು. ಗಮನ ಎಲ್ಲಿದೆ ಎಂದು ಟೀಚರೂ ಗದರಿದರು. ಆಮೇಲೆ ಮಗು ಬಾಯಿ ಬಿಡಲಿಲ್ಲ. ಮೂರನೆಯ ದಿನ ಅವಳನ್ನು ಕರೆದೊಯ್ಯಲು ಬಂದ ಅಜ್ಜಿ ಜಲಜಾಕ್ಷಿಯವರನ್ನು ಟೀಚರು ಗೇಟಿನ ಬಳಿ ನಿಲ್ಲಿಸಿ ಕೇಳಿದರು. ಅಜ್ಜಿ ಮನೆಯಲ್ಲಿ ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಡುವವರು.

"ಕಟ್ಟು ಅಂದ್ರೆ ಇಪ್ಪತ್ತೈದೇ ಅಲ್ವಾ ಟೀಚರ್? ಹತ್ತರದ್ದು ಕಟ್ಟಿ ಕೊಂಡೋದ್ರೆ ಬ್ರಾಂಚಿನವರು ನನ್ನ ಮುಖಕ್ಕೇ ಬಿಸಾಡ್ತಾರೆ" ಎಂದು ಅವರು ನಕ್ಕರು.

ಹುಟ್ಟಿದಾಗಿನಿಂದ ಆ ಮಗು ಮನೆಯಲ್ಲಿ ನೋಡಿದ ಕಟ್ಟುಗಳಲ್ಲೆಲ್ಲ ಇದ್ದದ್ದು ಇಪ್ಪತ್ತೈದೇ. ಟೀಚರು ಅಂದು ಸಂಜೆ ಬರೆದು ನನಗೂ ತೋರಿಸಿದರು: "ತಪ್ಪು ನನ್ನದು. ಎಷ್ಟರ ಕಟ್ಟು ಎಂದು ಹೇಳದೆಯೇ ಕೇಳಿದೆ. ಮಗು ಬೀಡಿಯ ಕಟ್ಟು ನೋಡಿ ತನಗೆ ಗೊತ್ತಿದ್ದದ್ದನ್ನು ಸರಿಯಾಗಿ ಹೇಳಿತು. ತರಬೇತಿ ಮುಗಿಸಿ ಬಂದ ಕೂಡಲೇ ಇದನ್ನು ಎಲ್ಲರ ಎದುರು ಹೇಳಬೇಕು."

ಮರುದಿನ ಶುಕ್ರವಾರ ತಾವು ಬಂದಿರಿ. ಟೀಚರು ಕದ್ರಿಯಲ್ಲಿದ್ದರು, ತಾವೇ ಕರೆಸಿದ ತರಬೇತಿಯಲ್ಲಿ. ವಿಷಯ: ಶಿಕ್ಷಕರ ವೃತ್ತಿ ಬೆಳವಣಿಗೆ. ಇಲ್ಲಿ ತಾವು ಅವರ ವೃತ್ತಿ ಬೆಳವಣಿಗೆಗೆ ದಾಖಲೆ ಏನಿದೆ ಎಂದು ಹೆಡ್‌ಮಾಸ್ತರರನ್ನು ಕೇಳಿದಿರಿ. ಅವರು ಬೆವರುತ್ತಾ ಕಡತ ಹುಡುಕುತ್ತಿದ್ದರು. ನಾನು ಚಹಾ ಇಟ್ಟು, "ಟೀಚರದ್ದು ಒಂದು ಪುಸ್ತಕ ಉಂಟು ಸಾರ್" ಎಂದು ಹೇಳಿ, ಕಪಾಟು ತೆರೆದು ತಂದುಕೊಟ್ಟೆ. ತಾವು ಪುಟ ತಿರುವಿ ನಕ್ಕಿರಿ. ಮೆಚ್ಚಿದಿರಿ ಎಂದುಕೊಂಡೆ. ಆ ದಿನ ಪಾತ್ರೆ ತೊಳೆಯುವಾಗ ನನ್ನಷ್ಟು ಹೆಮ್ಮೆಪಟ್ಟವರು ಯಾರೂ ಇರಲಿಕ್ಕಿಲ್ಲ.

ಸೋಮವಾರ ಆದೇಶ ಬಂತು. ಹುಡುಗಿಯರ ಶೌಚಾಲಯಕ್ಕೆ ಬಾಗಿಲು ಕೇಳಿ ಎರಡು ವರ್ಷವಾಯಿತು, ಅದಿನ್ನೂ ದಾರಿಯಲ್ಲಿದೆ. ಇದು ಮಾತ್ರ ಮೂರು ದಿನಕ್ಕೆ ತಲುಪಿತು. ಇಲಾಖೆ ನಿಧಾನ ಎನ್ನುವವರು ನಾಚಬೇಕು. "ಬೋಧನೆಯಲ್ಲಿ ವಿಫಲಳೆಂದು ಸ್ವಹಸ್ತದಿಂದ ಒಪ್ಪಿಕೊಂಡಿರುವುದರಿಂದ" ವಿಚಾರಣೆ ಮುಗಿಯುವವರೆಗೆ ಅವರು ಶಾಲೆಗೆ ಕಾಲಿಡುವಂತಿಲ್ಲವಂತೆ. ಎರಡನೆಯ ಆರೋಪ, ತಂಬಾಕುಮುಕ್ತ ಶಾಲೆಯ ದಾಖಲೆಯಲ್ಲಿ ಬೀಡಿಯ ಪ್ರಸ್ತಾಪ. ನಿರೀಕ್ಷಾಳ ಅಜ್ಜಿ ಬೇರೆ ಏನಾದರೂ ಕಟ್ಟಬೇಕಿತ್ತು ಎಂದು ತಮ್ಮ ಅಭಿಪ್ರಾಯವೇ?

ಮಾನ್ಯರೇ, ತಮ್ಮ ನಮೂನೆಯಲ್ಲಿ "ಎಲ್ಲ ಮಕ್ಕಳೂ ಕಲಿತಿದ್ದಾರೆ" ಎಂದು ಗುರುತು ಹಾಕಿದವರು ವೃತ್ತಿಯಲ್ಲಿ ಬೆಳೆದವರು. ಹನ್ನೊಂದು ಮಕ್ಕಳಿಗೆ ಇಂದು ಅರ್ಥವಾಗಲಿಲ್ಲ ಎಂದು ಎಣಿಸಿ ಬರೆದವರು ವಿಫಲರು. ಇದು ಯಾವ ತರಬೇತಿಯ ಪಾಠ? ತಮ್ಮ ಮೇಜಿನ ಮೇಲಿರುವ ಅಷ್ಟು ಕಡತಗಳಲ್ಲಿ "ತಪ್ಪು ನನ್ನದು" ಎಂಬ ಒಂದು ಸಾಲನ್ನು ತೋರಿಸುತ್ತೀರಾ? ಈಗ ನಮ್ಮ ಶಾಲೆಯಲ್ಲಿ ಎಲ್ಲರೂ ದಿನಾ "ಪಾಠ ಯಶಸ್ವಿಯಾಯಿತು" ಎಂದು ಬರೆಯುತ್ತಿದ್ದಾರೆ. ಮೂರನೆಯ ತರಗತಿಯನ್ನು ನಾಲ್ಕನೆಯದರ ಜೊತೆ ಕೂರಿಸಿದ್ದಾರೆ. ಅಲ್ಲಿಯೂ ಪಾಠ ಯಶಸ್ವಿಯಾಗುತ್ತಲೇ ಇದೆ.

ತಪ್ಪೊಪ್ಪಿಕೊಳ್ಳಲು ನಾನು ಟೀಚರ ಮನೆಗೆ ಹೋದೆ. ಅವರು ಬೈಯಲಿಲ್ಲ. ಇನ್ನು ಬರೆಯುವುದಿಲ್ಲ ಎಂದರು. ನಾನು ಹೊರಡುವಾಗ, "ನಿರೀಕ್ಷಾನ ಹತ್ರ ಹೇಳ್ಲಿಕ್ಕೆ ಬಾಕಿ ಆಯ್ತಲ್ಲ" ಎಂದರು.

ಹಾಗಾಗಿ ನಾನೇ ಹೇಳಲು ನೋಡಿದೆ. ಊಟ ಬಡಿಸುವಾಗ ಬಗ್ಗಿ, ನೀನು ಅಂದು ಹೇಳಿದ್ದು ತಪ್ಪಲ್ಲ, ಟೀಚರೇ ಹಾಗೆ ಬರೆದಿದ್ದಾರೆ ಎಂದೆ. ಮಗು ಅನ್ನದಿಂದ ತಲೆ ಎತ್ತಿ ನನ್ನನ್ನು ನೋಡಿತು. ಎಷ್ಟೋ ದಿನಗಳ ಮೇಲೆ ಅದರ ಬಾಯಿಂದ ಬಂದ ಮಾತು ಇಷ್ಟೇ: "ಎಲ್ಲಿ ಅಕ್ಕ, ತೋರಿಸಿ."

ಏನು ತೋರಿಸಲಿ? ಪುಸ್ತಕ ತಮ್ಮ ಬೀರುವಿನಲ್ಲಿದೆ.

ಡುಲ್ಸಿನ್ ಟೀಚರನ್ನು ಅವರ ತರಗತಿಗೆ ಕಳುಹಿಸಿ. ಯಾರಿಗಾದರೂ ಶಿಕ್ಷೆ ಆಗಲೇಬೇಕೆಂದಿದ್ದರೆ, ಕೇಳದೆ ಕಪಾಟು ತೆರೆದವಳು ನಾನು, ನನ್ನನ್ನು ಕೆಲಸದಿಂದ ತೆಗೆಯಿರಿ. ಅವರನ್ನು ಪೂರ್ತಿ ಬಿಡಲಾಗದಿದ್ದರೆ ಒಂದು ಗಂಟೆಯ ಮಟ್ಟಿಗೆ ಬಿಡಿ, ತಮ್ಮ ಜವಾನ ಬೇಕಾದರೆ ಬಾಗಿಲಲ್ಲಿ ಕಾವಲು ನಿಲ್ಲಲಿ. ಅದೂ ಆಗುವುದಿಲ್ಲವಾದರೆ ಆ ಕೊನೆಯ ಪುಟವೊಂದನ್ನು ಹರಿದಾದರೂ ಕಳುಹಿಸಿಕೊಡಿ. ನಾನು ಬಡಿಸಲು ಹೋದಾಗಲೆಲ್ಲ ಆ ಮಗು ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತದೆ.

ಇಂತಿ,
ಚಹಾದ ಜೊತೆ ಸಾಕ್ಷಿಯನ್ನೂ ತಂದುಕೊಟ್ಟ ತಪ್ಪಿತಸ್ಥೆ,
ಜ್ಯೋತ್ಸ್ನಾ
ಅಡುಗೆ ಸಹಾಯಕಿ, ಮಂಗಳೂರು